ಮಗುವನ್ನು ಕಾಣುವ ಹಕ್ಕು: ಮುಂಬಯಿ ನ್ಯಾಯಾಲಯಗಳ ಚರಿತ್ರೆಯ ಒಂದು ಅಧ್ಯಾಯ

ಮಾಟುಂಗದ ಭಾವು ದಾಜಿ ರಸ್ತೆಯಿಂದ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿರುವ ಕುಟುಂಬ ನ್ಯಾಯಾಲಯಕ್ಕೆ ದೂರ ಹೆಚ್ಚಿಲ್ಲ. ಸಾಯನ್ನಿನ ಮೇಲೆ, ಧಾರಾವಿಯ ಮಗ್ಗುಲಾಗಿ ಹೋಗುವ ಹಾದಿ. ಆ ನ್ಯಾಯಾಲಯದಲ್ಲಿ ಮಕ್ಕಳಿಗಾಗಿ ಪ್ರತ್ಯೇಕವಾದ ಒಂದು ಭಾಗವಿದೆ. ತಂದೆತಾಯಿಗಳು ಬೇರ್ಪಟ್ಟು ಮಗು ಅವರಲ್ಲೊಬ್ಬರ ಸುಪರ್ದಿನಲ್ಲಿರುವಾಗ, ಇನ್ನೊಬ್ಬರು ಅದನ್ನು ಯಾವ ವಾರ, ಯಾವ ಹೊತ್ತಿನಲ್ಲಿ, ಎಷ್ಟು ಗಂಟೆಗಳ ಕಾಲ ಅಲ್ಲಿ ಕಾಣಬಹುದೆಂದು ನ್ಯಾಯಾಧೀಶರು ಆದೇಶ ಮಾಡುತ್ತಾರೆ. ಕೆಲವು ಆದೇಶಗಳಲ್ಲಿ ಇನ್ನೂ ಒಂದು ಮಾತು ಸೇರಿರುತ್ತದೆ: ಈ ಭೇಟಿ ನ್ಯಾಯಾಲಯದ ಆಪ್ತಸಲಹೆಗಾರರ ಇದಿರಿನಲ್ಲಿಯೇ ನಡೆಯತಕ್ಕದ್ದು. ಇದಕ್ಕೆ ಮೇಲ್ವಿಚಾರಣೆಯ ಭೇಟಿ ಎನ್ನಬಹುದು. ಹೆತ್ತ ಮಗುವನ್ನು ನೋಡುವುದಕ್ಕೆ ದಿನ, ಗಂಟೆ, ಸಾಕ್ಷಿ ಮೂರೂ ಬೇಕಾದ ಸ್ಥಿತಿ ಅದು.

ನಮ್ಮ ಸಂಘಸಂಸ್ಥೆಗಳ ವೇದಿಕೆಗಳಲ್ಲಿ ವಲಸೆಯ ಚರಿತ್ರೆ, ಹೋಟೆಲ್ ಉದ್ಯಮದ ಚರಿತ್ರೆ, ರಾತ್ರಿಶಾಲೆಗಳ ಚರಿತ್ರೆ ಬೇಕಾದಷ್ಟು ಚರ್ಚಿತವಾಗಿವೆ. ಒಡೆದ ಮನೆಯ ಚರಿತ್ರೆಯನ್ನು ಎತ್ತಿಕೊಳ್ಳುವವರು ವಿರಳ. ಸಭೆ ಮುಗಿದು ಕಾಫಿಯ ಹೊತ್ತಿಗೆ, ದನಿ ತಗ್ಗಿಸಿ, "ಇಂಥವರು ಮೊಮ್ಮಗುವನ್ನು ಕೋರ್ಟಿನಲ್ಲಿ ನೋಡಬೇಕಂತೆ" ಎಂಬ ಮಾತು ಬರುತ್ತದೆ. ಒಡನೆಯೇ ಅದು ಪಶ್ಚಿಮದಿಂದ ಬಂದ ಪಿಡುಗೆಂದೋ, ಮನೆತನಕ್ಕೆ ತಗಲಿದ ಕಳಂಕವೆಂದೋ ತೀರ್ಪೂ ಹೊರಡುತ್ತದೆ. ಈ ಎರಡು ತೀರ್ಪುಗಳೂ ಚರಿತ್ರೆಯನ್ನು ನೋಡದೆ ಕೊಟ್ಟವು ಎಂಬುದು ನನ್ನ ಅಭಿಪ್ರಾಯ. ತಂದೆಯೋ ತಾಯಿಯೋ ಮಗುವಿನ ಪಾಲಿಗೆ ಬಂದುಹೋಗುವವರಾಗುವುದು ನಮ್ಮಲ್ಲಿ ಹೊಸದಲ್ಲ. ಆ ಭೇಟಿಯ ಮೇಲೆ ಮೂರನೆಯವರ ಕಣ್ಣಿರುವುದೂ ಹೊಸದಲ್ಲ. ಹೊಸದಾದುದು ಒಂದೇ: ಆ ಮೂರನೆಯವರು ಈಗ ಅಪರಿಚಿತರು, ಸರಕಾರದ ಸಂಬಳದವರು. ಅದು ಹೇಗಾಯಿತೆಂಬುದನ್ನು ನೋಡುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಶಾಸ್ತ್ರದ ಮಾತು. ಧರ್ಮಶಾಸ್ತ್ರಗಳು ಬಾಲಕನ ವಿಷಯವನ್ನೆತ್ತಿದಾಗ ಬಹುಮಟ್ಟಿಗೆ ಅವನ ಸೊತ್ತಿನ ವಿಚಾರವನ್ನೇ ಹೇಳುತ್ತವೆ. ಬಾಲಕನಿಗೆ ಬಂದ ಪಿತ್ರಾರ್ಜಿತವನ್ನು ಅವನು ಗುರುಕುಲದಿಂದ ಹಿಂದಿರುಗುವವರೆಗೆ, ಇಲ್ಲವೆ ಬಾಲ್ಯ ಕಳೆಯುವವರೆಗೆ, ರಾಜನು ಕಾಯಬೇಕೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯ ವಿಧಿಸುತ್ತದೆ. ಮಗು ಯಾರ ಮನೆಯಲ್ಲಿ ಮಲಗಬೇಕು, ಯಾರು ಅದನ್ನು ಎತ್ತಿ ಆಡಿಸಬಹುದು ಎಂಬ ಪ್ರಶ್ನೆಗೆ ಅಲ್ಲಿ ಎಡೆಯಿಲ್ಲ. ಅವಿಭಕ್ತ ಕುಟುಂಬದಲ್ಲಿ ಆ ಪ್ರಶ್ನೆ ಹುಟ್ಟುವ ಸಂದರ್ಭವೂ ಕಡಮೆ. ಆದರೆ ನಮ್ಮ ಕಲ್ಯಾಣದ ವಿಜ್ಞಾನೇಶ್ವರನು, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಬರೆದ ಮಿತಾಕ್ಷರದಲ್ಲಿ, ಸಂತಾನವಿಲ್ಲದೆ ತೀರಿಕೊಂಡ ಮಗನ ಆಸ್ತಿಗೆ ತಂದೆಗಿಂತ ತಾಯಿ ಮೊದಲ ಹಕ್ಕುದಾರಳೆಂದು ವಾದಿಸುತ್ತಾನೆ. ಅವನು ಕೊಡುವ ಕಾರಣ ಸ್ವಾರಸ್ಯವಾಗಿದೆ. ತಂದೆ ಬೇರೆ ಹೆಂಡಿರ ಮಕ್ಕಳಿಗೂ ತಂದೆಯಾಗಿರಬಹುದು, ತಾಯಿ ಹಾಗಲ್ಲ. ಆದುದರಿಂದ ಅವಳ ಸಾಮೀಪ್ಯ ಹೆಚ್ಚಿನದು. ಇದು ದಾಯಭಾಗದ ವಾದ, ಪಾಲನೆಯ ವಾದವಲ್ಲ, ನಿಜ. ಆದರೂ ಒಂಬೈನೂರು ವರ್ಷಗಳ ಹಿಂದೆ ಕನ್ನಡ ನೆಲದಲ್ಲಿ ಕುಳಿತ ಒಬ್ಬ ನ್ಯಾಯಶಾಸ್ತ್ರಜ್ಞನು ಮಗುವಿಗೆ ಯಾರು ಹತ್ತಿರದವರೆಂದು ಅಳೆದು ನೋಡಿ ತಾಯಿಯೆಂದನು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದು ಬೇಕಾಗುವುದು.

ಮುಂಬಯಿಗೆ ಬಂದ ಕನ್ನಡಿಗರಲ್ಲಿ ಬಹುದೊಡ್ಡ ಪಾಲು ದಕ್ಷಿಣ ಕನ್ನಡ ಜಿಲ್ಲೆಯವರು. ಅವರಲ್ಲಿ ಬಂಟರು, ಬಿಲ್ಲವರು, ಮೊಗವೀರರು ಮೊದಲಾದ ಸಮಾಜಗಳು ಮಿತಾಕ್ಷರಕ್ಕೆ ಒಳಪಟ್ಟವಲ್ಲ. ಅವರದು ಅಳಿಯಸಂತಾನ ಕಟ್ಟು. ಭೂತಾಳ ಪಾಂಡ್ಯನ ಹೆಸರಿನಲ್ಲಿ ಹೇಳುವ ಐತಿಹ್ಯ ಏನೇ ಇರಲಿ, ಕಟ್ಟಿನ ತಿರುಳು ಸ್ಪಷ್ಟ. ಮಗು ತಾಯಿಯ ಬಳಿಗೆ ಸೇರಿದ್ದು, ತಾಯಿಯ ಕುಟುಂಬದ ಸದಸ್ಯ. ಕುಟುಂಬದ ಹಿರಿಯನು ಯಜಮಾನ. ಹಿರಿಯಳು ಹೆಂಗಸಾಗಿದ್ದರೆ ಅವಳೂ ಯಜಮಾನಿಕೆ ನಡೆಸಬಹುದಾಗಿತ್ತು. ಮಗುವಿನ ಮೇಲಿನ ಅಧಿಕಾರ ತಂದೆಯದಲ್ಲ, ತುಳುವಿನಲ್ಲಿ ತಮ್ಮಲೆ ಎನಿಸಿಕೊಳ್ಳುವ ಸೋದರಮಾವನದು. ಹೆಂಡತಿ ಗಂಡನ ಮನೆಯಲ್ಲಿ ಬಾಳಿದರೂ ಅವಳ ಮತ್ತು ಮಕ್ಕಳ ಹಕ್ಕಿನ ಮನೆ ತಾಯಿಮನೆ. ಸಂಬಂಧ ಮುರಿದಾಗ ಅವಳು ಮಕ್ಕಳೊಡನೆ ಅಲ್ಲಿಗೆ ಹಿಂದಿರುಗುತ್ತಿದ್ದಳು. ಮಗು ಯಾರದೆಂಬ ವ್ಯಾಜ್ಯವೇ ಅಲ್ಲಿ ಏಳುವಂತಿರಲಿಲ್ಲ, ಏಕೆಂದರೆ ಉತ್ತರ ಮೊದಲೇ ಸಿದ್ಧವಾಗಿತ್ತು. ತಂದೆಗೆ ಉಳಿಯುತ್ತಿದ್ದುದು ಭೇಟಿ. ಅವನು ಬರುತ್ತಿದ್ದ, ಚಾವಡಿಯಲ್ಲಿ ಕುಳಿತುಕೊಳ್ಳುತ್ತಿದ್ದ, ಬಾಯಾರಿಕೆಗೆ ಬೆಲ್ಲ ನೀರು ಬರುತ್ತಿತ್ತು, ಮಗು ಬಂದು ಎದುರು ನಿಲ್ಲುತ್ತಿತ್ತು. ತಮ್ಮಲೆಯೋ ಅಜ್ಜಿಯೋ ಅಲ್ಲಿಯೇ ಎಲ್ಲೋ ಇರುತ್ತಿದ್ದರು. ಅದನ್ನು ಮೇಲ್ವಿಚಾರಣೆಯೆಂದು ಯಾರೂ ಕರೆಯಲಿಲ್ಲ.

ಈ ವ್ಯವಸ್ಥೆಯನ್ನು ಆದರ್ಶವೆಂದು ನಾನು ಹೊಗಳುತ್ತಿಲ್ಲ. ಯಜಮಾನನ ದರ್ಪಕ್ಕೆ ಸಿಕ್ಕಿ ನಲುಗಿದ ಸೊಸೆಯಂದಿರ, ಮಕ್ಕಳ ಕಥೆಗಳು ಆ ಕಡೆಯವರಿಗೆಲ್ಲ ಗೊತ್ತು. ತಂದೆಯ ಪ್ರೀತಿಗೆ ಕಾನೂನಿನಲ್ಲಿ ನೆಲೆಯಿರಲಿಲ್ಲ. ಅಳಿಯಸಂತಾನದವರ ದಾಂಪತ್ಯವನ್ನು ಕಾನೂನಿನ ದೃಷ್ಟಿಯ ವಿವಾಹವೆಂದು ಒಪ್ಪಲಾಗದೆಂದು ಮದರಾಸು ಹೈಕೋರ್ಟು 1883ರಷ್ಟು ಹಿಂದೆಯೇ ಹೇಳಿಬಿಟ್ಟಿತ್ತು. 1949ರ ಮದರಾಸು ಅಳಿಯಸಂತಾನ ಕಾಯಿದೆ ವಿವಾಹಕ್ಕೂ ಕುಟುಂಬದ ಪಾಲಿಗೂ ಹೊಸ ನಿಯಮಗಳನ್ನು ಹಾಕಿದ ಮೇಲೆಯೇ ಪರಿಸ್ಥಿತಿ ಬದಲಾಗತೊಡಗಿತು.

ಇನ್ನು ಮುಂಬಯಿಗೆ ಬಂದ ಗಂಡಸಂತೂ, ಅವನು ಯಾವ ಕಟ್ಟಿಗೆ ಸೇರಿದವನೇ ಆಗಲಿ, ದೂರದ ದೆಸೆಯಿಂದಲೇ ಭೇಟಿಯ ತಂದೆಯಾದ. ಕೊಂಕಣ ರೈಲ್ವೆ ಪೂರ್ಣವಾಗಿ ತೆರೆದುದು 1998ರಲ್ಲಿ. ಅದಕ್ಕೆ ಬಹಳ ಹಿಂದೆ ಊರಿಗೆ ಹೋಗುವ ದಾರಿಯೆಂದರೆ ಕರಾವಳಿಯ ಸ್ಟೀಮರು. ಮಳೆಗಾಲದಲ್ಲಿ ಅದೂ ನಿಲ್ಲುತ್ತಿತ್ತು. ವರ್ಷಕ್ಕೊಮ್ಮೆ, ಬೇಸಗೆಯಲ್ಲಿ, ಟ್ರಂಕು ಹೊತ್ತು ಬಂದಿಳಿದವನನ್ನು ಮಗು ಅಜ್ಜಿಯ ಸೆರಗಿನ ಮರೆಯಿಂದ ನೋಡುತ್ತಿತ್ತು. ಮಾಟುಂಗದ ಹಳೆಯ ಬೋರ್ಡಿಂಗುಗಳು, 1942ರಲ್ಲಿ ಆರಂಭವಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಸೇರಿ, ಇಂಥ ತಂದೆಯರಿಗೆ ಅನ್ನವಿಕ್ಕಿದ ಮನೆಗಳು. ನಮ್ಮ ವಲಸೆಯ ಚರಿತ್ರೆಯನ್ನು ದುಡಿಮೆಯ ಚರಿತ್ರೆಯಾಗಿ ಬರೆದಿದ್ದೇವೆ. ಅದನ್ನು ಮಕ್ಕಳ ಕಡೆಯಿಂದ ಬರೆದರೆ ಬೇರೊಂದು ಗ್ರಂಥವೇ ಆದೀತು.

ಊರಿನಲ್ಲಿ ಸ್ಥಿತಿ ಹೀಗಿರುವಾಗ ಈ ಮುಂಬಯಿ ನಗರದ ನ್ಯಾಯಾಲಯಗಳು ಮಗುವಿನ ಪ್ರಶ್ನೆಯನ್ನು ಬೇರೆಯೇ ಬಾಗಿಲಿನಿಂದ ಕಂಡುವು. ಆ ಬಾಗಿಲು ಮತಾಂತರ. 1839ರ ಮೇ ತಿಂಗಳಿನಲ್ಲಿ ಸ್ಕಾಟಿಷ್ ಮಿಷನ್ನಿನ ಡಾಕ್ಟರ್ ಜಾನ್ ವಿಲ್ಸನ್ನರು ಇಬ್ಬರು ಪಾರಸಿ ತರುಣರಿಗೆ ದೀಕ್ಷಾಸ್ನಾನ ಮಾಡಿಸಿದರು. ಅವರಲ್ಲಿ ಹದಿಹರೆಯದ ಧನಜೀಭಾಯಿ ನವರೋಜಿಯ ವಿಷಯದಲ್ಲಿ ಬಂಧುಗಳು ಅಂದಿನ ಬೊಂಬಾಯಿ ಸುಪ್ರೀಂ ಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಕೋರ್ಟು ಆಗ ಅಪೊಲೊ ಬೀದಿಯ ಹಳೆಯ ಕಟ್ಟಡದಲ್ಲಿತ್ತು. ಊರಿನ ಪಾರಸಿ ಸಮಾಜವೆಲ್ಲ ಕ್ಷೋಭೆಗೊಂಡಿತ್ತು. ತರುಣನು ತನಗೆ ಇಷ್ಟವಾದ ಕಡೆಗೆ ಹೋಗಬಹುದೆಂದು ಕೋರ್ಟು ಹೇಳಿತು. ಅವನು ವಿಲ್ಸನ್ನರೊಡನೆ ಹೋದ.

ನಾಲ್ಕು ವರ್ಷಗಳ ಮೇಲೆ, 1843ರಲ್ಲಿ, ಶ್ರೀಪತಿ ಶೇಷಾದ್ರಿಯೆಂಬ ಬ್ರಾಹ್ಮಣ ಬಾಲಕನ ಪ್ರಕರಣ ಬಂತು. ಅವನ ಅಣ್ಣ ನಾರಾಯಣ ಶೇಷಾದ್ರಿ ಕ್ರೈಸ್ತನಾಗಿದ್ದ. ಹನ್ನೆರಡರ ಆಸುಪಾಸಿನ ತಮ್ಮನೂ ರಾಬರ್ಟ್ ನೆಸ್ಬಿಟ್ ಪಾದ್ರಿಯ ಮನೆಯಲ್ಲಿ ಉಳಿದುಕೊಂಡಿದ್ದ. ತಂದೆ ಕೋರ್ಟಿಗೆ ಹೋದ. ನ್ಯಾಯಮೂರ್ತಿ ಸರ್ ಅರ್ಸ್ಕಿನ್ ಪೆರಿ ಹುಡುಗನನ್ನು ತಂದೆಯ ಕೈಗೆ ಒಪ್ಪಿಸುವಂತೆ ಆಜ್ಞೆ ಮಾಡಿದರು. ಹೋಗಲೊಲ್ಲೆನೆಂಬ ಹುಡುಗನ ಮಾತು ನಡೆಯಲಿಲ್ಲ. ಕೋರ್ಟು ತಂದೆಗೆ ಮಗನನ್ನು ಕೊಟ್ಟಿತು. ಆದರೆ ಪಾದ್ರಿಯ ಮನೆಯಲ್ಲಿ ಉಂಡವನನ್ನು ಜಾತಿಗೆ ಸೇರಿಸಿಕೊಳ್ಳುವವರಾರು? ಬಾಲಶಾಸ್ತ್ರೀ ಜಾಂಭೇಕರರು ಪ್ರಾಯಶ್ಚಿತ್ತ ಮಾಡಿಸಲು ಮುಂದಾದರು. ಅದಕ್ಕಾಗಿ ಅವರೇ ಸನಾತನಿಗಳ ಕೋಪಕ್ಕೆ ಗುರಿಯಾದರು. ಕೋರ್ಟಿನ ಆಜ್ಞೆ ಮಗುವನ್ನು ಮನೆಯ ಹೊಸ್ತಿಲವರೆಗೆ ತಂದುಬಿಡಬಲ್ಲದು, ಹೊಸ್ತಿಲೊಳಗೆ ಏನಾಗುವುದೆಂಬುದು ಅದರ ಕೈಯಲ್ಲಿಲ್ಲ. ಈ ಮಿತಿ ಇಂದಿಗೂ ಹಾಗೆಯೇ ಇದೆ.

ಈ ಎರಡು ಪ್ರಕರಣಗಳಲ್ಲಿ ತಾಯಿಯ ಹಕ್ಕಿನ ಪ್ರಶ್ನೆ ಏಳಲೇ ಇಲ್ಲ. ಮಗು ತಂದೆಯದು, ಇಲ್ಲವೆ ತನ್ನದೇ. ಮೂರನೆಯ ದಾರಿಯನ್ನು ಅಂದಿನ ಇಂಗ್ಲಿಷ್ ಕಾನೂನು ಹೆಚ್ಚುಕಡಮೆ ಕಾಣದೆ ಇತ್ತು. ಹೆಚ್ಚುಕಡಮೆ ಎಂದೆ, ಏಕೆಂದರೆ ಅದೇ 1839ರಲ್ಲಿ ಲಂಡನ್ನಿನಲ್ಲಿ ಒಂದು ಸಣ್ಣ ಕಾಯಿದೆ ಅಂಗೀಕೃತವಾಯಿತು. ಕ್ಯಾರೊಲಿನ್ ನಾರ್ಟನ್ ಎಂಬ ಲೇಖಕಿಯ ಮೂರು ಗಂಡುಮಕ್ಕಳನ್ನು ಗಂಡ ಅವಳಿಂದ ಬೇರ್ಪಡಿಸಿ ದೂರ ಕಳುಹಿಸಿದ್ದ; ಅದು ಅವನ ಪೂರ್ಣ ಹಕ್ಕಾಗಿತ್ತು. ಅವಳು ಕರಪತ್ರಗಳನ್ನು ಬರೆದು, ಪಾರ್ಲಿಮೆಂಟಿನ ಸದಸ್ಯರನ್ನು ಕಾಡಿ, ಕಡೆಗೆ ಬಾಲಕರ ಸುಪರ್ದಿನ ಕಾಯಿದೆ ಬರುವಂತೆ ಮಾಡಿದಳು. ಅದರ ಪ್ರಕಾರ ಏಳು ವರ್ಷದೊಳಗಿನ ಮಗುವಿನ ಸುಪರ್ದನ್ನು ತಾಯಿ ಬೇಡಬಹುದು. ಅದಕ್ಕೆ ಮೇಲ್ಪಟ್ಟ ಮಕ್ಕಳನ್ನು ಕಾಣುವುದಕ್ಕಾದರೂ ಅನುಮತಿ ಬೇಡಬಹುದು. ಮುಂಬಯಿಯ ವಕೀಲರ ಬಾಯಲ್ಲಿ ಇಂದಿಗೂ ಓಡಾಡುವ ಆಕ್ಸೆಸ್ ಎಂಬ ಪದದ ಹಿಂದೆ ಈ ತಾಯಿಯ ಹೋರಾಟವಿದೆ. ಅವಳಿಗೆ ಅದರ ಫಲ ಪೂರ್ಣವಾಗಿ ದಕ್ಕಲಿಲ್ಲ. 1842ರಲ್ಲಿ ಕಿರಿಯ ಮಗ ಕುದುರೆಯಿಂದ ಬಿದ್ದು ತೀರಿಕೊಂಡ. ಭೇಟಿಯ ಹಕ್ಕನ್ನು ತಂದೆಯರ ಕುಂದುಕೊರತೆಯೆಂದಷ್ಟೇ ಇಂದು ಭಾವಿಸುವವರು, ಅದು ಹುಟ್ಟಿದ್ದು ಮಕ್ಕಳನ್ನು ಕಳೆದುಕೊಂಡ ಹೆಂಗಸಿನ ಅಹವಾಲಾಗಿ ಎಂಬುದನ್ನು ಗಮನಿಸಬೇಕು.

ಭಾರತದಲ್ಲಿ 1890ರ ಪಾಲಕರ ಮತ್ತು ಪಾಲಿತರ ಕಾಯಿದೆ ಇಂದಿಗೂ ಜಾರಿಯಲ್ಲಿದೆ. ಅದರ ಹದಿನೇಳನೆಯ ಕಲಮು ಬಾಲಕನ ಕ್ಷೇಮವನ್ನು ಮುಂದಿಟ್ಟಿತು; ತಿಳಿವಳಿಕೆ ಬಂದ ಮಗುವಿನ ಇಚ್ಛೆಯನ್ನೂ ಕೋರ್ಟು ಪರಿಗಣಿಸಬಹುದೆಂದಿತು. ಶ್ರೀಪತಿ ಶೇಷಾದ್ರಿಗೆ ಸಿಗದಿದ್ದುದು ಅರ್ಧ ಶತಮಾನದ ಮೇಲೆ ಕಾಗದದ ಮೇಲಾದರೂ ಬಂತು. ಆದರೆ ಅದೇ ಕಾಯಿದೆಯ ಹತ್ತೊಂಬತ್ತನೆಯ ಕಲಮು, ತಂದೆ ಬದುಕಿದ್ದು ಅಯೋಗ್ಯನಲ್ಲದಿರುವಾಗ ಬೇರೆ ಪಾಲಕರನ್ನು ನೇಮಿಸಲಾಗದೆಂದು ಬಾಗಿಲು ಮುಚ್ಚಿತು. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಹಿಂತೆಗೆದುಕೊಳ್ಳುವ ಈ ರೀತಿ ಶಾಸನಕರ್ತರಿಗೆ ಸಹಜವೇ. 1914ರಲ್ಲಿ ಜಿಡ್ಡು ಕೃಷ್ಣಮೂರ್ತಿ ಮತ್ತು ಅವರ ತಮ್ಮನ ವಿಷಯದಲ್ಲಿ ಅವರ ತಂದೆಗೂ ಆನಿ ಬೆಸೆಂಟರಿಗೂ ನಡೆದ ವ್ಯಾಜ್ಯ ಪ್ರಿವಿ ಕೌನ್ಸಿಲಿನವರೆಗೆ ಹೋಯಿತು. ತಂದೆಯ ಪಾಲಕತ್ವವು ಒಂದು ಪವಿತ್ರ ನ್ಯಾಸ, ಅದನ್ನು ಇನ್ನೊಬ್ಬರಿಗೆ ಹಿಂದೆಗೆಯಲಾಗದಂತೆ ಬರೆದುಕೊಡಲಾಗದು ಎಂಬ ತತ್ತ್ವ ಅಲ್ಲಿ ಸ್ಥಿರವಾಯಿತು. ಆ ಬಾಲಕರ ಮಾತನ್ನು ಕೇಳದೆ ಕೆಳಗಿನ ಕೋರ್ಟು ತೀರ್ಮಾನಿಸಿದ್ದು ಸರಿಯಲ್ಲವೆಂಬ ಮಾತೂ ಬಂತು.

ಸ್ವಾತಂತ್ರ್ಯಾನಂತರ 1956ರಲ್ಲಿ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯಿದೆ ಬಂತು. ಮಿತಾಕ್ಷರದವರು, ಅಳಿಯಸಂತಾನದವರು ಎಂಬ ಭೇದವಿಲ್ಲದೆ ಎಲ್ಲ ಹಿಂದೂಗಳಿಗೂ ಒಂದೇ ಸೂತ್ರ: ಮಗುವಿನ ಸಹಜ ಪಾಲಕನು ತಂದೆ, ಅವನ ತರುವಾಯ ತಾಯಿ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದೆಂಬ ವಿನಾಯಿತಿಯೊಂದಿದೆ. ಮಗುವಿನ ಕ್ಷೇಮವೇ ಪರಮ ಎಂಬ ಹದಿಮೂರನೆಯ ಕಲಮೂ ಇದೆ. ಆದರೂ ಬಂಟರ, ಬಿಲ್ಲವರ ಮನೆಗಳ ಮಟ್ಟಿಗೆ ಇದೊಂದು ಕ್ರಾಂತಿಯೇ. ಯಾವ ತಂದೆ ಚಾವಡಿಯ ಅತಿಥಿಯಾಗಿದ್ದನೋ ಅವನೇ ಕಾನೂನಿನಲ್ಲಿ ಮೊದಲಿಗನಾದ. ಅಧಿಕಾರ ನಡೆಸುತ್ತಿದ್ದ ತಮ್ಮಲೆ ಕಾನೂನಿನಿಂದ ಮರೆಯಾದ. ವಿಜ್ಞಾನೇಶ್ವರನು ಸಾಮೀಪ್ಯದ ಆಧಾರದ ಮೇಲೆ ತಾಯಿಯನ್ನು ಮುಂದಿಟ್ಟಿದ್ದನಷ್ಟೆ? ಇಪ್ಪತ್ತನೆಯ ಶತಮಾನದ ಶಾಸನ ಅವಳನ್ನು 'ತರುವಾಯ'ಕ್ಕೆ ದಬ್ಬಿತು.

ಈ 'ತರುವಾಯ' ಎಂಬ ಒಂದು ಪದ ಬ್ಯಾಂಕಿನ ಮೇಜಿನ ಮೇಲೆ ಮಾಡಿದ ಕೆಲಸವನ್ನು ನನ್ನಂಥ ವೃತ್ತಿಯವರು ಬಲ್ಲರು. ಮಗುವಿನ ಹೆಸರಿನಲ್ಲಿ ಖಾತೆ ತೆರೆಯಲು ಬಂದ ತಾಯಿಗೆ "ಯಜಮಾನರ ಸಹಿ ಬೇಕು" ಎಂದು ಹೇಳುವುದು ಒಂದು ಕಾಲಕ್ಕೆ ವಾಡಿಕೆಯಾಗಿತ್ತು. ಈ ತೊಡಕನ್ನು ಕಂಡು ರಿಸರ್ವ್ ಬ್ಯಾಂಕು 1976ರ ಡಿಸೆಂಬರಿನಲ್ಲಿ ಸುತ್ತೋಲೆ ಹೊರಡಿಸಿ, ತಾಯಿಯನ್ನು ಪಾಲಕಳೆಂದು ಅಂಗೀಕರಿಸಿ ಮಕ್ಕಳ ಠೇವಣಿ ಖಾತೆಗಳನ್ನು ತೆರೆಯಬಹುದೆಂದಿತು. ವಿನೋದವೆಂದರೆ, ಎಂಟು ವರ್ಷಗಳ ಮೇಲೆ ಅದೇ ರಿಸರ್ವ್ ಬ್ಯಾಂಕಿಗೆ ಲೇಖಕಿ ಗೀತಾ ಹರಿಹರನ್ ಮತ್ತು ಅವರ ಪತಿ ತಮ್ಮ ಮಗನ ಹೆಸರಿನಲ್ಲಿ 20,000 ರೂಪಾಯಿಗಳ ಶೇಕಡಾ 9ರ ರಿಲೀಫ್ ಬಾಂಡಿಗಾಗಿ, ತಾಯಿಯೇ ಪಾಲಕಳೆಂದು ಒಪ್ಪಿ, ಅರ್ಜಿ ಸಲ್ಲಿಸಿದಾಗ ಅದು ಹಿಂದಕ್ಕೆ ಬಂತು: ತಂದೆಯ ಸಹಿ ಮಾಡಿಸಿ, ಇಲ್ಲವೆ ಪಾಲಕತ್ವದ ಪ್ರಮಾಣಪತ್ರ ತನ್ನಿ. ಒಂದು ನಮೂನೆಯ ಮೇಲಿನ ಸಹಿಯ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿ 1999ರ ಫೆಬ್ರವರಿ 17ರಂದು ತೀರ್ಮಾನವಾಯಿತು. 'ತರುವಾಯ' ಎಂದರೆ ತಂದೆ ಸತ್ತ ಮೇಲೆ ಎಂದಲ್ಲ. ಅವನ ಅನುಪಸ್ಥಿತಿಯಲ್ಲಿ ಎಂದರ್ಥ. ಅವನು ಮಗುವಿನ ಪಾಲನೆಯಲ್ಲಿ ಉದಾಸೀನನಾಗಿದ್ದರೆ, ಅಥವಾ ಇಬ್ಬರೂ ಒಪ್ಪಿ ತಾಯಿಗೆ ಹೊಣೆಯೊಪ್ಪಿಸಿದ್ದರೆ, ಅದೂ ಅನುಪಸ್ಥಿತಿಯೇ. ಪದಕ್ಕೆ ಹೀಗೆ ಅರ್ಥ ಹಿಗ್ಗಿಸಿದ್ದು ಜಾಣತನವೇ ಸರಿ; ಆದರೆ ಪದ ಇನ್ನೂ ಅಲ್ಲಿಯೇ ಇದೆ. 1890ರ ಕಾಯಿದೆಯ ಹತ್ತೊಂಬತ್ತನೆಯ ಕಲಮಿನಲ್ಲಿ ತಂದೆಯ ಜೊತೆಗೆ ತಾಯಿಯ ಹೆಸರು ಸೇರಿದುದು 2010ರಲ್ಲಿ, ಕಾಯಿದೆ ಬಂದು 120 ವರ್ಷಗಳಾದ ಮೇಲೆ.

ಇಷ್ಟೆಲ್ಲ ನಡೆದರೂ ಒಂದು ಸಂಗತಿಯನ್ನು ಗಮನಿಸಬೇಕು. ಪಾಲಕರಾರು, ಸುಪರ್ದು ಯಾರಿಗೆ ಎಂಬುದನ್ನು ಹೇಳುವ ಈ ಕಾಯಿದೆಗಳಲ್ಲಿ, ಸುಪರ್ದು ಸಿಗದವರು ಮಗುವನ್ನು ಕಾಣುವುದು ಹೇಗೆಂಬುದಕ್ಕೆ ಒಂದು ಪರಿಚ್ಛೇದವಿಲ್ಲ. ಭೇಟಿಯ ವ್ಯವಸ್ಥೆಯೆಲ್ಲ ನ್ಯಾಯಾಧೀಶರು ಕ್ಷೇಮವೆಂಬ ಒಂದು ಮಾತಿನಿಂದ ಹೆಣೆದು ತೆಗೆದದ್ದು. 1973ರಲ್ಲಿ ರೋಸಿ ಜೇಕಬ್ ಪ್ರಕರಣದಲ್ಲಿ, ಮಕ್ಕಳು ತಂದೆತಾಯಿಗಳ ಸೊತ್ತೂ ಅಲ್ಲ, ಆಟದ ಬೊಂಬೆಗಳೂ ಅಲ್ಲವೆಂಬ ಅಭಿಪ್ರಾಯವನ್ನು ಸುಪ್ರೀಂ ಕೋರ್ಟು ಕೊಟ್ಟಿತು. ಅಂದಿನಿಂದ ಅದು ಕೆಳಗಿನ ಕೋರ್ಟುಗಳ ತೀರ್ಪುಗಳಲ್ಲಿ ಮಂತ್ರದಂತೆ ಮತ್ತೆ ಮತ್ತೆ ಬಂದಿದೆ.

1984ರ ಕುಟುಂಬ ನ್ಯಾಯಾಲಯಗಳ ಕಾಯಿದೆಯಂತೆ ಮುಂಬಯಿಯಲ್ಲಿ ಕುಟುಂಬ ನ್ಯಾಯಾಲಯ 1989ರಲ್ಲಿ ಸ್ಥಾಪನೆಯಾಯಿತು. ಈ ಕಾಯಿದೆಯಲ್ಲಿ ಎರಡು ವಿಶೇಷಗಳಿವೆ. ವಕೀಲರನ್ನು ಇಡುವುದು ಹಕ್ಕಲ್ಲ, ನ್ಯಾಯಾಧೀಶರ ಅನುಮತಿಗೆ ಬಿಟ್ಟದ್ದು. ಎರಡನೆಯದಾಗಿ, ಆಪ್ತಸಲಹೆಗಾರರು ನ್ಯಾಯಾಲಯದ ಅಂಗವಾಗಿರುತ್ತಾರೆ. ದಂಪತಿಗಳನ್ನು ಕೂಡಿಸಲು ಯತ್ನಿಸುವುದು, ಕೂಡದಿದ್ದರೆ ಮಗುವಿನ ಸ್ಥಿತಿಗತಿ ತಿಳಿದು ವರದಿ ಕೊಡುವುದು, ಭೇಟಿಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ನಾನು ಮೊದಲು ಹೇಳಿದ ಮೂರನೆಯವರು ಇವರೇ. ತಮ್ಮಲೆ ಇದ್ದ ಎಡೆಗೆ, ಅಜ್ಜಿ ಇದ್ದ ಎಡೆಗೆ, ಸಮಾಜಕಾರ್ಯದ ಪದವಿ ಪಡೆದು ಕಡತ ಹಿಡಿದ ಒಬ್ಬರು ಬಂದು ಕುಳಿತರು. ಕೋರ್ಟು ಅವರನ್ನು ನಮ್ಮ ಮನೆಯೊಳಕ್ಕೆ ನುಗ್ಗಿಸಿತೆಂದು ದೂರುವವರು, ಅದಕ್ಕೆ ಮೊದಲೇ ಆ ಎಡೆ ತೆರವಾಗಿತ್ತೆಂಬುದನ್ನು ಮರೆಯುತ್ತಾರೆ. ಇಂಪ್ರೂವ್‌ಮೆಂಟ್ ಟ್ರಸ್ಟು ದಾದರ-ಮಾಟುಂಗದಲ್ಲಿ ಬಡಾವಣೆ ಮಾಡಿದ ಮೇಲೆ ಇಲ್ಲಿ ಎದ್ದ ಮನೆಗಳು ಗಂಡ, ಹೆಂಡತಿ, ಮಕ್ಕಳು ಎಂಬ ಅಳತೆಗೆ ಕಟ್ಟಿದ ಫ್ಲ್ಯಾಟುಗಳು. ಅಂಥ ಮನೆ ಒಡೆದಾಗ ಎರಡೇ ಹೋಳು. ಇಬ್ಬರ ನಡುವೆ ನಿಲ್ಲುವ ಮೂರನೆಯವರು ಊರಿನಲ್ಲಿ ಉಳಿದಿದ್ದರು.

ಮೇಲ್ವಿಚಾರಣೆಯ ಭೇಟಿಯನ್ನು ಕೋರ್ಟು ಸುಮ್ಮನೆ ವಿಧಿಸುವುದಿಲ್ಲ. ಮಗುವಿಗೆ ಹಿಂಸೆಯಾದೀತೆಂಬ ಶಂಕೆ, ಮಗುವನ್ನೆತ್ತಿಕೊಂಡು ದೂರ ಹೋದಾರೆಂಬ ಭಯ, ಬಹುಕಾಲ ಕಾಣದೆ ಮಗು ಮುಖವನ್ನೇ ಮರೆತಿರುವುದು ಇವು ಸಾಮಾನ್ಯವಾದ ಕಾರಣಗಳು. ಪಾಸ್‌ಪೋರ್ಟನ್ನು ಕೋರ್ಟಿನಲ್ಲಿ ಇಡಬೇಕೆಂಬ ಷರತ್ತೂ ಉಂಟು. ಮೊದಲು ಕೋರ್ಟಿನ ಆವರಣದಲ್ಲಿ ಒಂದೆರಡು ಗಂಟೆ. ಮಗು ಹೊಂದಿಕೊಂಡಿತೆಂದು ವರದಿ ಬಂದರೆ ಹೊರಗೆ, ಉದ್ಯಾನದಲ್ಲೋ ಮಾಲಿನಲ್ಲೋ. ಅನಂತರ ರಾತ್ರಿ ಉಳಿಯಲು. ಕಡೆಗೆ ರಜೆಯ ಅರ್ಧಭಾಗ. ಮೆಟ್ಟಿಲು ಮೆಟ್ಟಿಲಾಗಿ ಏರುವ ಏಣಿ ಇದು. ಆದರೆ ವ್ಯಾಜ್ಯ ವರ್ಷಗಟ್ಟಲೆ ಎಳೆಯುವ ಕಡೆ ಏಣಿಯ ಮೊದಲ ಮೆಟ್ಟಿಲಿನಲ್ಲಿಯೇ ಮಗು ದೊಡ್ಡದಾಗಿಬಿಡುತ್ತದೆ. ನಾಲ್ಕು ವರ್ಷದ ಮಗುವಿಗೆ ತಂದ ಗೊಂಬೆಯನ್ನು ಒಂಬತ್ತು ವರ್ಷದ ಹುಡುಗಿಗೆ ಕೊಡಲಾದೀತೆ?

ಭೇಟಿ ಎಂಬ ಮಾತು ನಮ್ಮ ಶಾಸನದಲ್ಲಿ ಸ್ಪಷ್ಟವಾಗಿ ಕಾಣಿಸಿಕೊಂಡುದು ಎಲ್ಲಿ ಎಂಬುದೂ ವಿಚಾರಾರ್ಹ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣೆಯ ಕಾಯಿದೆಯ 21ನೆಯ ಕಲಮಿನಲ್ಲಿ, ಎದುರು ಪಕ್ಷದವರು ಮಗುವನ್ನು ಕಾಣುವ ಏರ್ಪಾಟನ್ನು ಮ್ಯಾಜಿಸ್ಟ್ರೇಟರು ನಿರ್ದೇಶಿಸಬಹುದು ಎಂದಿದೆ. ಅದರ ಬೆನ್ನಿಗೇ, ಭೇಟಿಯಿಂದ ಮಗುವಿಗೆ ಹಾನಿಯಾದೀತೆಂದು ಕಂಡರೆ ನಿರಾಕರಿಸತಕ್ಕದ್ದು ಎಂದಿದೆ. ಅಂದರೆ ಭೇಟಿ ನಮ್ಮ ಶಾಸನವನ್ನು ಪ್ರವೇಶಿಸಿದ್ದೇ ಶಂಕೆಯನ್ನು ಜೊತೆಗಿಟ್ಟುಕೊಂಡು. ಹಿಂಸೆಯ ಮನೆಯ ಮಟ್ಟಿಗೆ ಅದು ಸರಿಯಾದ ಎಚ್ಚರಿಕೆ, ಅದರಲ್ಲಿ ನನಗೆ ಸಂದೇಹವಿಲ್ಲ. ಹಿಂಸೆಯಿಲ್ಲದ, ಬರೀ ಹೊಂದಿಕೆಯಿಲ್ಲದ ಮನೆಯವರು ಅದೇ ಶಂಕೆಯನ್ನು ಆಯುಧವಾಗಿ ಹಿಡಿದಾಗ ಕಷ್ಟ. ಸತ್ಯಾಸತ್ಯ ಗೊತ್ತಾಗುವವರೆಗೆ ನ್ಯಾಯಾಧೀಶರು ಏನು ಮಾಡಬೇಕು? ಪೂರ್ತಿ ಬಿಟ್ಟುಕೊಟ್ಟರೆ ಮಗುವಿಗೆ ಅಪಾಯವಾದೀತು. ಪೂರ್ತಿ ತಡೆದರೆ ಇಬ್ಬರ ನಂಟೇ ಕಡಿದೀತು. ಮೂರನೆಯವರ ಇದಿರಿನ ಭೇಟಿ ಈ ಇಕ್ಕಟ್ಟಿನಲ್ಲಿ ಹುಟ್ಟಿದ ಮಧ್ಯಮಮಾರ್ಗ. ಅದನ್ನು ಶಿಕ್ಷೆಯೆಂದು ಎಣಿಸಿ ಹೋಗುವುದನ್ನೇ ಬಿಟ್ಟುಬಿಡುವ ಸ್ವಾಭಿಮಾನಿಗಳು ಮಗುವಿಗೆ ಎರಡನೆಯ ಸಲ ನಷ್ಟ ಮಾಡುತ್ತಾರೆ.

ಇಂಗ್ಲೆಂಡಿನಲ್ಲಿ 1989ರ ಮಕ್ಕಳ ಕಾಯಿದೆ ಸುಪರ್ದು, ಆಕ್ಸೆಸ್ ಎಂಬ ಪದಗಳನ್ನೇ ಕೈಬಿಟ್ಟು ವಾಸ, ಸಂಪರ್ಕ ಎಂಬುವನ್ನು ತಂದಿತು. 2014ರಲ್ಲಿ ಅವೂ ಹೋಗಿ ಮಗುವಿನ ವ್ಯವಸ್ಥೆ ಎಂಬ ಒಂದೇ ಹೆಸರು ಬಂತು. ಪದ ಬದಲಿಸಿದರೆ ಮನಸ್ಸು ಬದಲಾಗುವುದೆಂಬ ನಂಬಿಕೆ ಅವರದು. ನಮ್ಮ ಕರ್ನಾಟಕದ ಹೈಕೋರ್ಟು 2013ರಲ್ಲಿ ಒಂದು ಪ್ರಕರಣದಲ್ಲಿ ಬೇರೆ ದಾರಿ ಹಿಡಿಯಿತು. ಜನವರಿಯಿಂದ ಜೂನ್ ಕಡೆಯವರೆಗೆ ಮಗು ತಂದೆಯ ಬಳಿ, ಜುಲೈಯಿಂದ ಡಿಸೆಂಬರ್ ಕಡೆಯವರೆಗೆ ತಾಯಿಯ ಬಳಿ, ಒಬ್ಬರಲ್ಲಿರುವಾಗ ಶನಿವಾರ ಭಾನುವಾರ ಇನ್ನೊಬ್ಬರ ಭೇಟಿ, ಖರ್ಚು ಸಮಪಾಲು, ಟೆಲಿಫೋನು, ವಿಡಿಯೋ ಮೂಲಕ ಮಾತಾಡಲು ಮಗುವಿಗೆ ಸ್ವಾತಂತ್ರ್ಯ. ವರ್ಷವನ್ನು ಹೀಗೆ ಸೀಳಿದ್ದು ಗಣಿತದ ದೃಷ್ಟಿಯಿಂದ ಅಚ್ಚುಕಟ್ಟು. ಮಗುವಿನ ಶಾಲೆಯ ವರ್ಷ ಜೂನಿನಲ್ಲಿ ಮೊದಲಾಗುವುದೆಂಬುದನ್ನು ನೆನೆದರೆ ಅಷ್ಟು ಅಚ್ಚುಕಟ್ಟಲ್ಲ. ಆದರೂ ಅಲ್ಲಿ ಇಬ್ಬರೂ ಮಗುವಿನ ಮನೆಯವರೇ, ಇಬ್ಬರೂ ಸರದಿಯ ಮೇಲೆ ಅತಿಥಿಗಳೇ. 2015ರ ಮೇ ತಿಂಗಳಲ್ಲಿ ಕಾನೂನು ಆಯೋಗವು ತನ್ನ 257ನೆಯ ವರದಿಯಲ್ಲಿ ಜಂಟಿ ಸುಪರ್ದನ್ನೂ ಭೇಟಿಯ ನಿಯಮಗಳನ್ನೂ 1890ರ ಕಾಯಿದೆಗೆ ಒಂದು ಹೊಸ ಅಧ್ಯಾಯವಾಗಿ ಸೇರಿಸುವಂತೆ ಶಿಫಾರಸು ಮಾಡಿತು. ಆಯೋಗದ ಅಧ್ಯಕ್ಷರು ಹಿಂದೆ ಮುಂಬಯಿ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದ ಎ. ಪಿ. ಶಹಾ ಅವರು. 2020ರಲ್ಲಿ ಸಾಂಕ್ರಾಮಿಕದ ಕಾಲದಲ್ಲಿ ಕೋರ್ಟುಗಳ ಬಾಗಿಲು ಮುಚ್ಚಿದಾಗ ಭೇಟಿ ದೂರವಾಣಿಯ ಪರದೆಗೆ ಬಂತು. ಆಗ ಪಕ್ಕದಲ್ಲಿ ಕುಳಿತು ಮೇಲ್ವಿಚಾರಣೆ ಮಾಡಿದವರು ಎದುರು ಪಕ್ಷದವರೇ! ಇನ್ನು ಅಮೆರಿಕಕ್ಕೋ ಇಂಗ್ಲೆಂಡಿಗೋ ಹೋಗಿ ಅಲ್ಲಿ ಒಡೆದ ಕನ್ನಡ ಮನೆಗಳ ಮಕ್ಕಳ ಮಾತು ಬೇರೆಯೇ ಲೇಖನಕ್ಕೆ ತಕ್ಕದ್ದು. ಮಕ್ಕಳನ್ನು ದೇಶದಿಂದ ದೇಶಕ್ಕೆ ಒಯ್ಯುವುದರ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲವೆಂದು ಇಲ್ಲಿ ಹೇಳಿದರೆ ಸಾಕು.

ಮುಗಿಸುವ ಮೊದಲು ನಮ್ಮಂಥ ವಲಸೆಗಾರರಿಗೆ ಮಾತ್ರ ಹೊಳೆಯಬಹುದಾದ ಒಂದು ಸಂಗತಿ. ನಾನು ಓದಿದ ಪ್ರಕಟಿತ ತೀರ್ಪುಗಳಲ್ಲಿ ಭೇಟಿಯ ದಿನ, ಗಂಟೆ, ಸ್ಥಳ, ಮಗುವನ್ನು ತಂದುಬಿಡುವವರು ಯಾರು, ಟ್ಯಾಕ್ಸಿಯ ವೆಚ್ಚ ಯಾರದು, ತಿಂಡಿ ಕೊಡಬಹುದೆ ಎಂಬವೆಲ್ಲ ಬರೆಯಲ್ಪಟ್ಟಿವೆ. ಯಾವ ಭಾಷೆಯಲ್ಲಿ ಮಾತಾಡಬೇಕೆಂಬುದು ಒಂದರಲ್ಲೂ ಇಲ್ಲ. ಬರೆಯತಕ್ಕದ್ದೂ ಅಲ್ಲ, ಒಪ್ಪುತ್ತೇನೆ. ಆದರೆ ಮುಂಬಯಿಯ ಕನ್ನಡ ಮಗು ಕನ್ನಡವನ್ನು, ತುಳುವನ್ನು, ಕಲಿಯುವುದು ಶಾಲೆಯಲ್ಲಲ್ಲ. ಉಂಡು ಮಲಗುವ ಹೊತ್ತಿನಲ್ಲಿ, ಮನೆಯಲ್ಲಿ. ಕನ್ನಡ ಬಲ್ಲವರು ಸುಪರ್ದು ಇಲ್ಲದ ಪಕ್ಷದವರಾದರೆ, ಆ ಭಾಷೆ ಎರಡು ವಾರಕ್ಕೊಮ್ಮೆ ಎರಡು ಗಂಟೆಯ ಭಾಷೆಯಾಗುತ್ತದೆ. ಎದುರಿಗೆ ಕುಳಿತ ಆಪ್ತಸಲಹೆಗಾರರಿಗೆ ಕನ್ನಡ ತಿಳಿಯದಿದ್ದರೆ, ತಂದೆಯಾಗಲಿ ತಾಯಿಯಾಗಲಿ ತಾವೇ ಹಿಂದಿಗೋ ಇಂಗ್ಲಿಷಿಗೋ ತಿರುಗುವುದು ಸಹಜ. ತಿಳಿಯದ ಭಾಷೆಯಲ್ಲಿ ಮಗುವಿನ ಕಿವಿಯಲ್ಲಿ ಏನು ಹೇಳಿದರೋ ಎಂಬ ಶಂಕೆಗೆ ಎಡೆಗೊಡಲು ಯಾರು ಬಯಸುತ್ತಾರೆ? ಹೀಗೆ ಮಗು ಕಳೆದುಕೊಳ್ಳುವುದು ಒಬ್ಬ ತಂದೆಯನ್ನೋ ತಾಯಿಯನ್ನೋ ಅಷ್ಟೇ ಅಲ್ಲ. ಅವರ ಹಿಂದಿರುವ ಅಜ್ಜಿಯನ್ನೂ, ಅವಳೊಡನೆ ಮಾತಾಡಬಲ್ಲ ನಾಲಗೆಯನ್ನೂ.

1926ರಲ್ಲಿ ಮೈಸೂರು ಅಸೋಸಿಯೇಷನ್ ಹುಟ್ಟಿದಂದಿನಿಂದ ಮಾಟುಂಗದ ಕನ್ನಡ ಸಂಸ್ಥೆಗಳು ನಾಟಕಕ್ಕೆ, ಸಂಗೀತಕ್ಕೆ, ಉಪನ್ಯಾಸಕ್ಕೆ ಬಾಗಿಲು ತೆರೆದಿವೆ. ಕೋರ್ಟಿನ ಹೊರಗಿನ ಸ್ಥಳದಲ್ಲಿ, ಇಬ್ಬರಿಗೂ ಒಪ್ಪಿಗೆಯಾದ ವ್ಯಕ್ತಿಯ ಇದಿರಿನಲ್ಲಿ ಭೇಟಿಯಾಗಲು ಪಕ್ಷಗಳು ಕೇಳಿಕೊಂಡರೆ ನ್ಯಾಯಾಧೀಶರು ಅಂಥ ಆದೇಶ ಮಾಡಲು ಕಾನೂನಿನಲ್ಲಿ ಅಡ್ಡಿಯಿಲ್ಲ. ನಮ್ಮ ಸಂಸ್ಥೆಗಳ ವಾಚನಾಲಯದ ಒಂದು ಮೂಲೆ, ಕನ್ನಡ ಬಲ್ಲ ನಿವೃತ್ತ ಶಿಕ್ಷಕಿಯೊಬ್ಬರು, ಶನಿವಾರದ ಎರಡು ಗಂಟೆ ಇವನ್ನು ಒದಗಿಸುವುದು ಕಷ್ಟವೆ ಎಂಬುದನ್ನು ಆಡಳಿತ ಸಮಿತಿಯವರು ಯೋಚಿಸಬಹುದು. ಕಾನೂನು ಆಯೋಗದ 2015ರ ವರದಿಯಲ್ಲಿ ಅಜ್ಜ ಅಜ್ಜಿಯರಿಗೂ ಮಗುವಿನೊಡನೆ ಕಳೆಯಲು ಕಾಲ ದೊರೆಯಬೇಕೆಂಬ ಮಾತಿದೆ. ಆ ವರದಿ ಇನ್ನೂ ಶಾಸನವಾಗಿಲ್ಲ.